ಪೊಟ್ಟಣದ ತಳದಲ್ಲಿ ಉಳಿದ ಚಿಪ್ಸ್

ಆಲೂಗಡ್ಡೆಯ ತೂಕದಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ ಇರುವುದರಿಂದ, ಒಂದು ಕಿಲೋ ಚಿಪ್ಸ್ ತಯಾರಾಗಬೇಕಾದರೆ ಮೂರರಿಂದ ನಾಲ್ಕು ಕಿಲೋ ಗಡ್ಡೆ ಬೇಕಾಗುತ್ತದೆ. ಕಾದ ಎಣ್ಣೆಯಲ್ಲಿ ಆ ನೀರು ಆವಿಯಾಗಿ ಹೊರಟ ಜಾಗಕ್ಕೆ ಎಣ್ಣೆ ಸೇರಿಕೊಳ್ಳುವುದರಿಂದ, ಸಿದ್ಧವಾದ ಚಿಪ್ಸಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಎಣ್ಣೆಯೇ ಇರುತ್ತದೆ. ಭಾರತದ ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವುದು ಇಂಡೋನೇಷ್ಯಾ, ಮಲೇಷ್ಯಾಗಳಿಂದ ಹಡಗಿನಲ್ಲಿ ಬರುವ ತಾಳೆ ಎಣ್ಣೆ. ಗಡ್ಡೆಯಾದರೂ ಸಂತೆಯಲ್ಲಿ ಸಿಗುವ ಯಾವುದೋ ಒಂದು ಗಡ್ಡೆಯಲ್ಲ. ಸಕ್ಕರೆಯಂಶ ಹೆಚ್ಚಿದ್ದರೆ ಚಿಪ್ಸ್ ಕರಿಯುವಾಗ ಕಪ್ಪಾಗುತ್ತದೆಂಬ ಕಾರಣಕ್ಕೆ, ಸಕ್ಕರೆ ಕಡಿಮೆ ಮತ್ತು ಹಿಟ್ಟಿನಂಶ ಹೆಚ್ಚು ಇರುವ ತಳಿಗಳೇ ಬೇಕಾಗುತ್ತವೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1998ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಚಿಪ್ಸೋನಾ ತಳಿಗಳು ಇದಕ್ಕಾಗಿಯೇ ರೂಪುಗೊಂಡವು. ಹೊಲ, ನೀರು, ಎಣ್ಣೆ, ಇಂಧನ ಮತ್ತು ತಳಿ ಸಂಶೋಧಕರ ಶ್ರಮವೆಲ್ಲ ಕೂಡಿ ಆದ ಈ ತಿಂಡಿಯನ್ನು, ಮೆತ್ತಗಾಯಿತೆಂಬ ಒಂದೇ ಕಾರಣಕ್ಕೆ ಕಸದ ಬುಟ್ಟಿಗೆ ಸುರಿಯುವುದು ಅನೇಕ ಮನೆಗಳಲ್ಲಿ ಯಾರ ಗಮನಕ್ಕೂ ಬಾರದೆ ನಡೆಯುವ ನಷ್ಟ.

ಇಂಥ ಸಣ್ಣ ನಷ್ಟಗಳು ಒಟ್ಟುಗೂಡಿದಾಗ ಎಷ್ಟಾಗುತ್ತವೆ ಎಂಬುದಕ್ಕೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ಆಹಾರ ಪೋಲಿನ ಸೂಚ್ಯಂಕ ವರದಿಯಲ್ಲಿ ಅಂದಾಜು ಸಿಗುತ್ತದೆ. ಆ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಾದ್ಯಂತ 105 ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ ನೂರಕ್ಕೆ 60 ಭಾಗ ಹೋಟೆಲು ಅಂಗಡಿಗಳದ್ದಲ್ಲ, ಮನೆಗಳದ್ದು. ಭಾರತದ ಮನೆಗಳಲ್ಲಿ ವರ್ಷಕ್ಕೆ ತಲಾ 55 ಕಿಲೋ ಎಂಬುದು ವರದಿಯ ಅಂದಾಜು. ಸಿಪ್ಪೆ, ಮೂಳೆಗಳಂಥ ತಿನ್ನಲಾಗದ ಭಾಗಗಳೂ ಈ ಲೆಕ್ಕದಲ್ಲಿ ಸೇರಿವೆಯಾದರೂ, ತಿನ್ನಬಹುದಾಗಿದ್ದ ಪಾಲು ಕಡಿಮೆಯೇನಲ್ಲ. ಕುರುಕಲು ತಿಂಡಿ ಈ ರಾಶಿಯಲ್ಲಿ ಅನ್ನದಷ್ಟೋ ತರಕಾರಿಯಷ್ಟೋ ದೊಡ್ಡ ಪಾಲಾಗಲಾರದು. ಆದರೆ ಅನ್ನ ಮರುದಿನ ಹಳಸಬಹುದು, ಸೊಪ್ಪು ಎರಡು ದಿನಕ್ಕೆ ಬಾಡುತ್ತದೆ. ಚಿಪ್ಸಿಗಾದರೋ ಅಂಥ ಅವಸರವಿಲ್ಲ. ತಿಳಿವಳಿಕೆಯಿಂದಲೇ ಬಹುಮಟ್ಟಿಗೆ ತಪ್ಪಿಸಬಹುದಾದ ಪೋಲು ಎಂಬ ಕಾರಣಕ್ಕೆ ಇದು ವಿಚಾರ ಮಾಡಲು ಯೋಗ್ಯವಾದ ವಿಷಯ.

ಮುಖ್ಯವಾಗಿ ತಿಳಿಯಬೇಕಾದದ್ದು ಮೆತ್ತಗಾಗುವುದು ಬೇರೆ, ಕೆಡುವುದು ಬೇರೆ ಎಂಬುದನ್ನು. ಆಗತಾನೆ ಕರಿದ ಚಿಪ್ಸಿನಲ್ಲಿ ತೇವಾಂಶ ನೂರಕ್ಕೆ ಎರಡು ಭಾಗದಷ್ಟು ಮಾತ್ರ ಇರುತ್ತದೆ. ಅಷ್ಟು ಒಣಗಿದ ಪಿಷ್ಟವು, ಅಂದರೆ ಗಡ್ಡೆಯ ಹಿಟ್ಟಿನಂಶವು, ಆಹಾರ ವಿಜ್ಞಾನಿಗಳು ಗಾಜಿನ ಸ್ಥಿತಿ ಎಂದು ಕರೆಯುವ ಗಡಸು ರೂಪದಲ್ಲಿರುತ್ತದೆ. ಕಚ್ಚಿದಾಗ ಬಾಗದೆ ಸದ್ದು ಮಾಡಿ ಮುರಿಯುವುದು ಇದರಿಂದಲೇ. ಪೊಟ್ಟಣ ಒಡೆದ ಮೇಲೆ ಪಿಷ್ಟವು ಗಾಳಿಯ ತೇವವನ್ನು ಹೀರತೊಡಗುತ್ತದೆ, ಇನ್ನು ಎರಡು ಮೂರು ಭಾಗ ನೀರು ಸೇರಿದರೂ ಸಾಕು, ಗಡಸುತನ ಸಡಿಲಿ ರಬ್ಬರಿನಂಥ ಸ್ಥಿತಿಗೆ ಬರುತ್ತದೆ. ಮಳೆಗಾಲದಲ್ಲಿ ಕರಾವಳಿಯ ಮನೆಗಳಲ್ಲಿ ಒಂದೇ ಸಂಜೆಗೆ ನಡೆದುಹೋಗುವ ಈ ಬದಲಾವಣೆಗೆ ಬೇಸಿಗೆಯ ರಾಯಚೂರಿನಲ್ಲಿ ಎಷ್ಟೋ ಹೆಚ್ಚು ಕಾಲ ಹಿಡಿಯುತ್ತದೆ. ಸೂಕ್ಷ್ಮಜೀವಿಗಳ ಬೆಳವಣಿಗೆಗೆ ಒದಗುವ ನೀರನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಗೋಲಿನಲ್ಲಿ ಗುರುತಿಸುವ ಪದ್ಧತಿಯಿದ್ದು, ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ 0.9ಕ್ಕಿಂತ ಮೇಲಿನ ಅಂಕ ಬೇಕು. ತೀರ ಒಣಗಿದಲ್ಲಿಯೂ ಬದುಕುವ ಬೂಷ್ಟಿಗೆ ಕೂಡ 0.6ರಷ್ಟಾದರೂ ಬೇಕು. ಮೆತ್ತಗಾಗಿರುವ ಚಿಪ್ಸ್ ಸಾಮಾನ್ಯವಾಗಿ ಈ ಮಿತಿಯ ಕೆಳಗೇ ಇರುತ್ತದೆ. ಹಾಗಾಗಿ ಅದು ಕಳೆದುಕೊಂಡಿರುವುದು ತನ್ನ ಸದ್ದನ್ನೇ ಹೊರತು ಆಹಾರವಾಗುವ ಯೋಗ್ಯತೆಯನ್ನಲ್ಲ.

ನಿಜವಾಗಿ ಕೆಡುವುದು ಅದರೊಳಗಿನ ಎಣ್ಣೆ. ಗಾಳಿಯ ಆಮ್ಲಜನಕವು ಎಣ್ಣೆಯ ಕೊಬ್ಬಿನಾಮ್ಲಗಳೊಡನೆ ಸೇರಿ ಸರಪಳಿಯಂತೆ ಮುಂದುವರಿಯುವ ಈ ಕ್ರಿಯೆಗೆ ಉತ್ಕರ್ಷಣ ಎನ್ನುತ್ತಾರೆ. ಬೆಳಕು ಮತ್ತು ಶಾಖ ಅದನ್ನು ತೀವ್ರಗೊಳಿಸುತ್ತವೆ. ಅದರ ಗುರುತು ಕಮಟು ವಾಸನೆ, ಹಳೆಯ ಬಣ್ಣದ ಡಬ್ಬಿಯನ್ನೋ ನೆನೆದ ರಟ್ಟನ್ನೋ ನೆನಪಿಸುವ ಆ ವಾಸನೆ, ಹಾಗೂ ನಾಲಗೆಯ ಹಿಂಭಾಗದಲ್ಲಿ ಉಳಿಯುವ ಕಹಿ. ಕಮಟು ಹಿಡಿದದ್ದನ್ನು ಯಾವ ಅಡುಗೆಯೂ ಸರಿಪಡಿಸದು. ಮಸಾಲೆ ಹಾಕಿ ವಾಸನೆ ಮುಚ್ಚಲು ನೋಡುವುದು ಉಳಿತಾಯವಲ್ಲ, ಉಳಿದ ಪದಾರ್ಥಗಳನ್ನೂ ಹಾಳುಮಾಡಿದಂತೆ. ಪೊಟ್ಟಣದಲ್ಲಿ ಅರ್ಧ ಗಾಳಿಯೇ ತುಂಬಿದೆಯೆಂಬ ದೂರು ಸಾಮಾನ್ಯವಾಗಿ ಕೇಳಿಬರುತ್ತದೆಯಾದರೂ, ಅಲ್ಲಿ ತುಂಬಿರುವುದು ಎಣ್ಣೆಯೊಡನೆ ಬೆರೆಯದ ಸಾರಜನಕ. ಒಳಗಿನ ಬೆಳ್ಳಿಬಣ್ಣದ ಪದರವಿರುವುದು ಬೆಳಕು ಮತ್ತು ತೇವವನ್ನು ತಡೆಯುವುದಕ್ಕೆ. ಪೊಟ್ಟಣ ಒಡೆದ ಗಳಿಗೆಯಲ್ಲೇ ಈ ರಕ್ಷಣೆ ಮುಗಿಯುವುದರಿಂದ, ಉಳಿದದ್ದನ್ನು ಬಿಗಿ ಮುಚ್ಚಳದ ಡಬ್ಬಿಗೆ, ಅದೂ ತುಂಬುವಷ್ಟು ಚಿಕ್ಕ ಡಬ್ಬಿಗೆ ಹಾಕಿ ಒಲೆಯಿಂದ ದೂರ ಇಡಬೇಕಾಗುತ್ತದೆ. ದಿನಾಂಕದ ವಿಷಯದಲ್ಲಿಯೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ‘ಬೆಸ್ಟ್ ಬಿಫೋರ್’ ಎಂಬುದು ಗುಣಮಟ್ಟ ಅತ್ಯುತ್ತಮವಾಗಿರುವ ಅವಧಿಯನ್ನು ಸೂಚಿಸುತ್ತದೆ, ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಎಂಬುದು ಬಳಕೆಯ ಕೊನೆಯ ಗಡುವು. ಎರಡನೆಯದನ್ನು ಮೀರಿದ ಪೊಟ್ಟಣವನ್ನು ಬಳಸಬಾರದು.

ಬರೀ ಮೆತ್ತಗಾದ ಚಿಪ್ಸನ್ನು ಮತ್ತೆ ಗರಿಗರಿ ಮಾಡುವುದೆಂದರೆ ಸೇರಿದ ನೀರನ್ನು ಹೊರಗೆ ಕಳಿಸುವುದು, ಅಷ್ಟೆ. ದಪ್ಪ ತಳದ ಬಾಣಲೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಮಗುಚುತ್ತಿದ್ದರೆ ಸಾಕು. ಓವನ್ ಇದ್ದವರು 150 ಡಿಗ್ರಿಯಲ್ಲಿ ಅಷ್ಟೇ ಹೊತ್ತು ಇಡಬಹುದು. ಇಳಿಸಿದ ಕೂಡಲೇ ತಿಂದು ನೋಡಿದವರಿಗೆ ಇನ್ನೂ ಮೆತ್ತಗಿದೆಯೆನಿಸಿ ಉರಿ ಹೆಚ್ಚಿಸುವ ಮನಸ್ಸಾಗುತ್ತದೆ. ಇಲ್ಲಿಯೇ ಹೆಚ್ಚಿನವರು ಎಡವುವುದು. ಪಿಷ್ಟವು ಗಡಸಾಗುವುದು ಆರಿದ ಮೇಲೆಯೇ ಆದ್ದರಿಂದ ತಟ್ಟೆಯಲ್ಲಿ ಹರಡಿ ಎರಡು ನಿಮಿಷ ಕಾಯಬೇಕು. ಬಣ್ಣ ತಿರುಗುವಷ್ಟು ಹುರಿಯುವುದು ರುಚಿಗೂ ಒಳ್ಳೆಯದಲ್ಲ, ಆರೋಗ್ಯಕ್ಕೂ ಒಳ್ಳೆಯದಲ್ಲ. ಪಿಷ್ಟವಿರುವ ಪದಾರ್ಥಗಳನ್ನು ಹೆಚ್ಚು ಶಾಖದಲ್ಲಿ ಕೆಂಪಗೆ ಮಾಡಿದಾಗ ಅಕ್ರಿಲಮೈಡ್ ಎಂಬ ರಾಸಾಯನಿಕ ಉಂಟಾಗುತ್ತದೆಂದು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ತಿಳಿಸಿದ ಮೇಲೆ, ಕರಿದ ಆಲೂಗಡ್ಡೆಯ ಬಣ್ಣದ ಬಗ್ಗೆ ಜಗತ್ತಿನೆಲ್ಲೆಡೆ ಎಚ್ಚರ ಹೆಚ್ಚಿದೆ.

ಆದರೆ ಗರಿಗರಿತನವನ್ನು ಮರಳಿ ತರಲೇಬೇಕೆಂಬ ಹಟ ಎಲ್ಲ ಕಡೆಯೂ ಇಲ್ಲ. ಕರಿದ ಒಣ ತಿಂಡಿಯನ್ನು ಬೇಕೆಂದೇ ರಸದಲ್ಲಿ ನೆನೆಸಿ ಊಟದ ಪದಾರ್ಥವಾಗಿಸಿಕೊಂಡ ಅಡುಗೆಗಳು ಹಲವು ನಾಡುಗಳಲ್ಲಿವೆ. ಮೆಕ್ಸಿಕೋದಲ್ಲಿ ಹಿಂದಿನ ದಿನ ಉಳಿದ ಮೆಕ್ಕೆಜೋಳದ ರೊಟ್ಟಿಯನ್ನು ತುಂಡರಿಸಿ, ಕರಿದು, ಮೆಣಸಿನಕಾಯಿ ಟೊಮೆಟೊಗಳ ರಸದಲ್ಲಿ ಸ್ವಲ್ಪ ಹೊತ್ತು ಬೇಯಿಸಿ ಚಿಲಾಕೀಲೆಸ್ ಎಂಬ ಬೆಳಗಿನ ತಿಂಡಿ ಮಾಡುತ್ತಾರೆ. ರಾಜಸ್ಥಾನದಲ್ಲಿ ತರಕಾರಿ ಸಿಗದ ದಿನಗಳಿಗೆ ಹಪ್ಪಳವನ್ನೇ ಮುರಿದು ಮೊಸರಿನ ಗ್ರೇವಿಗೆ ಹಾಕಿ ಪಲ್ಯ ಮಾಡುವ ರೂಢಿಯಿದೆ. ಗುಜರಾತಿನ ಸೇವ್ ಟಮೇಟಾ ಕೂಡ ಇದೇ ಬಗೆಯದು. ಸ್ಪೇನಿನ ಪ್ರಸಿದ್ಧ ಬಾಣಸಿಗ ಫೆರಾನ್ ಅದ್ರಿಯಾ, ಹೆಚ್ಚಿದ ಆಲೂಗಡ್ಡೆಯನ್ನು ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿ ಮಾಡಬೇಕಾದ ತಮ್ಮ ನಾಡಿನ ದಪ್ಪ ಆಮ್ಲೆಟ್ಟಿಗೆ ಪೊಟ್ಟಣದ ಚಿಪ್ಸನ್ನೇ ಬಳಸಿ ತೋರಿಸಿದರು. ಕದಡಿದ ಮೊಟ್ಟೆಯಲ್ಲಿ ಚಿಪ್ಸನ್ನು ಕೆಲವು ನಿಮಿಷ ನೆನೆಸಿದರೆ ಅದು ಮೃದುವಾದ ಆಲೂಗಡ್ಡೆಯ ಪದರವಾಗಿಬಿಡುತ್ತದೆ. ಚಿಪ್ಸನ್ನು ಉಪ್ಪು ಹಾಕಿ, ಬೇಯಿಸಿ, ಒಣಗಿಸಿಟ್ಟ ಆಲೂಗಡ್ಡೆಯೆಂದು ಕಾಣುವ ಈ ದೃಷ್ಟಿ ಮೆಚ್ಚುವಂಥದ್ದು. ಮೆತ್ತಗಾದ ಚಿಪ್ಸಿನ ಬಳಕೆಯೆಲ್ಲ ಇದೊಂದನ್ನು ಅವಲಂಬಿಸಿದೆ.

ಕನ್ನಡನಾಡಿನ ಅಡುಗೆಮನೆಗೂ ಇದು ಹೊಸದಲ್ಲ. ಖಾರಾಬೂಂದಿಯನ್ನು ಬಿಸಿಬೇಳೆಬಾತಿನ ಮೇಲೆ ಉದುರಿಸುವುದು, ಬೂಂದಿಯನ್ನು ಮೊಸರಿಗೆ ಬೆರೆಸುವುದು, ಬೆಂಗಳೂರಿನ ಬೀದಿಗಳಲ್ಲಿ ನಿಪ್ಪಟ್ಟಿನ ಮೇಲೆ ಈರುಳ್ಳಿ, ಕ್ಯಾರೆಟ್ ತುರಿ, ಖಾರದ ಚಟ್ನಿ, ನಿಂಬೆರಸ ಹರಡಿ ನಿಪ್ಪಟ್ಟು ಮಸಾಲೆ ಮಾಡುವುದು, ಇವೆಲ್ಲ ಕುರುಕಲನ್ನು ಒದ್ದೆ ಪದಾರ್ಥದೊಡನೆ ಕೂಡಿಸುವ ಪದ್ಧತಿಗಳೇ. ಬಾಣಲೆಯಲ್ಲಿ ಬಿಸಿ ಮಾಡಿಕೊಂಡ ಚಿಪ್ಸ್ ನಿಪ್ಪಟ್ಟಿನ ಜಾಗದಲ್ಲಿ ಚೆನ್ನಾಗಿ ಒಪ್ಪುತ್ತದೆ. ಡಬ್ಬಿಯ ತಳದಲ್ಲಿ ಉಳಿಯುವ ಚೂರುಗಳನ್ನು ಚುರುಮುರಿಗೋ ಹುಬ್ಬಳ್ಳಿ-ಧಾರವಾಡದ ಗಿರ್ಮಿಟ್ಟಿಗೋ ಸೇರಿಸಬಹುದು, ಆದರೆ ಬಾಯಿಗಿಡುವ ಹೊತ್ತಿಗೆ ಸೇರಿಸಬೇಕು. ಇನ್ನೂ ಹೆಚ್ಚು ಉಪಯೋಗಕ್ಕೆ ಬರುವುದು ಚಿಪ್ಸಿನ ಪುಡಿ. ಅಕ್ಕಿಹಿಟ್ಟು ಕದಡಿ ಹಾಕಿದಾಗ ಸಾರು ಗಟ್ಟಿಯಾಗಲು ಅದು ಬೇಯುವವರೆಗೆ ಕುದಿಸಬೇಕಾಗುತ್ತದೆ, ಹಾಕುವಾಗ ಎಚ್ಚರ ತಪ್ಪಿದರೆ ಗಂಟೂ ಕಟ್ಟುತ್ತದೆ. ಚಿಪ್ಸಿನ ಪಿಷ್ಟ ಕರಿಯುವಾಗಲೇ ಬೆಂದಿರುವುದರಿಂದ ರಸ ತಗುಲಿದೊಡನೆ ಅರಳುತ್ತದೆ. ಸಾಸಿವೆ, ಕರಿಬೇವಿನ ಒಗ್ಗರಣೆಯಲ್ಲಿ ಈರುಳ್ಳಿ ಬಾಡಿಸಿ, ಟೊಮೆಟೊ ಕರಗುವಷ್ಟು ಬೇಯಿಸಿ, ಹುಣಸೆರಸ, ಚೂರು ಬೆಲ್ಲ, ಸಾರಿನ ಪುಡಿ ಹಾಕಿದ ತೆಳು ಗೊಜ್ಜು ಕುದಿಯುತ್ತಿರುವಾಗ ಎರಡು ಹಿಡಿ ಪುಡಿ ಉದುರಿಸಿದರೆ ಸ್ವಲ್ಪ ಹೊತ್ತಿನಲ್ಲೇ ಅದು ಚಪಾತಿಗೆ ಹತ್ತುವ ಹದಕ್ಕೆ ಬರುತ್ತದೆ. ಉಪ್ಪನ್ನು ಮಾತ್ರ ಮೊದಲೇ ಹಾಕದೆ, ಪುಡಿ ಬೆರೆತ ಮೇಲೆ ರುಚಿ ನೋಡಿ ತೀರ್ಮಾನಿಸಬೇಕು. ಕಟ್ಲೆಟ್ಟಿನ ಹೊರಪದರಕ್ಕೆ ರವೆಯ ಬದಲು ಈ ಪುಡಿ ಬಳಸಬಹುದು. ಬಾಳೆಕಾಯಿ, ಹಲಸಿನಕಾಯಿ ಚಿಪ್ಸ್ ಹೆಚ್ಚು ಗಟ್ಟಿಯಾದ್ದರಿಂದ ಗೊಜ್ಜಿಗೆ ಹಾಕುವ ಮೊದಲು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸುವುದು ಮೇಲು.

ಈ ಮರುಬಳಕೆಗೂ ಒಂದು ಮಿತಿಯಿದೆ. ಸಾದಾ ಉಪ್ಪಿನ ಚಿಪ್ಸಿನಲ್ಲಿಯೂ 100 ಗ್ರಾಮಿಗೆ ಸುಮಾರು ಒಂದೂವರೆ ಗ್ರಾಂ ಉಪ್ಪು ಇರುತ್ತದೆ. ವಯಸ್ಕರು ದಿನಕ್ಕೆ ಒಟ್ಟು ಐದು ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪೋಲು ತಪ್ಪಿಸುವ ಹೆಸರಿನಲ್ಲಿ ಹಸಿವಿಲ್ಲದವರು ತಿಂದು ಮುಗಿಸುವುದಾಗಲಿ, ಮಕ್ಕಳ ತಟ್ಟೆಗೆ ಒತ್ತಾಯದಿಂದ ಬಡಿಸುವುದಾಗಲಿ ಸರಿಯಲ್ಲ. ಚಿಪ್ಸನ್ನು ಅಡುಗೆಗೆ ಬೆರೆಸುವುದರಲ್ಲಿರುವ ಪ್ರಯೋಜನವೇ ಇದು: ಒಬ್ಬರೇ ತಿನ್ನಬೇಕಾಗಿದ್ದ ಉಪ್ಪು, ಎಣ್ಣೆ ನಾಲ್ಕು ಜನರ ಊಟಕ್ಕೆ ಹಂಚಿಹೋಗುತ್ತದೆ, ಆ ಅಡುಗೆಗೆ ಬೇರೆ ಎಣ್ಣೆ, ಉಪ್ಪು ಅಷ್ಟರ ಮಟ್ಟಿಗೆ ಉಳಿಯುತ್ತದೆ. ಕಮಟು ಹಿಡಿದು ಏನಕ್ಕೂ ಬಾರದಾದದ್ದನ್ನು ಗೊಬ್ಬರದ ಗುಂಡಿಗೆ ಹಾಕಬಹುದಾದರೂ, ಎಣ್ಣೆ ಮತ್ತು ಉಪ್ಪು ಕೊಳೆಯುವ ಕ್ರಿಯೆಯನ್ನು ನಿಧಾನಗೊಳಿಸುವುದರಿಂದ ಒಮ್ಮೆಗೆ ಒಂದು ಹಿಡಿಯಷ್ಟನ್ನು ಪುಡಿಮಾಡಿ ಒಣ ಎಲೆಗಳೊಡನೆ ಬೆರೆಸಿ ಹಾಕಬೇಕು. ಪೊಟ್ಟಣವನ್ನು ಅದರೊಡನೆ ಹಸಿ ಕಸಕ್ಕೆ ಎಸೆಯದೆ, ಒಳಗಿನ ಚೂರುಗಳನ್ನು ಕೊಡವಿ, ಒರೆಸಿ, ಒಣ ಕಸದಲ್ಲಿ ಹಾಕಬೇಕು.