ಹೊಟ್ಟೆ ಸಣ್ಣಗಾಯ್ತು, ಕಾಫಿಯ ಸಕ್ಕರೆ ಸಣ್ಣಗಾಗಲಿಲ್ಲ!

ಬಳ್ಳಾರಿ: ಬ್ರೂಸ್‌ಪೇಟೆಯಲ್ಲಿ ಅಂಗಡಿಯ ಶಟರ್ ಎತ್ತಿ, ದೇವರ ಪಟಕ್ಕೆ ಊದಿನಕಡ್ಡಿ ಹಚ್ಚುವುದರೊಳಗೆ ಹೋಟೆಲಿನವ ಕಾಫಿ ತಂದು ಗಲ್ಲಾದ ಮೇಲೆ ಇಟ್ಟಿರುತ್ತಾನೆ. ಹೇಳುವುದೂ ಬೇಡ, ಕೇಳುವುದೂ ಬೇಡ. ಹತ್ತು ಗಂಟೆಗೆ ಗಿರಾಕಿಯ ಜೊತೆ ಒಂದು, ಮಾಲು ಇಳಿಸುವಾಗ ಒಂದು, ಬಾಕಿ ಕೇಳಲು ಬಂದವನ ಸಮಾಧಾನಕ್ಕೆ ಒಂದು. ಸಂಜೆಯ ಹೊತ್ತಿಗೆ ಆರು ಕಪ್ ಆದರೂ ಆಶ್ಚರ್ಯವಿಲ್ಲ. "ಏನು ತಿಂದ್ರಿ?" ಎಂದರೆ ಉತ್ತರ ಒಂದೇ: "ಏನೂ ಇಲ್ರಿ, ಬರೀ ಕಾಫಿ."

ಈ "ಬರೀ ಕಾಫಿ" ಎಲ್ಲರಿಗೂ ಅಷ್ಟೊಂದು ಅಪಾಯವಲ್ಲದಿರಬಹುದು. ಆದರೆ ತೂಕ ಇಳಿಸಲು ಹೊಟ್ಟೆಯ ಆಪರೇಶನ್ ಮಾಡಿಸಿಕೊಂಡವರಿಗೆ ಇದೇ ದೊಡ್ಡ ಶತ್ರು.

ಲಕ್ಷಗಟ್ಟಲೆ ಖರ್ಚು, ಚಮಚದಲ್ಲಿ ಸೋರಿಕೆ

ಒಬ್ಬ ಬಟ್ಟೆ ಅಂಗಡಿ ಯಜಮಾನರನ್ನು ಕಲ್ಪಿಸಿಕೊಳ್ಳೋಣ. ನೂರಿಪ್ಪತ್ತು ಕಿಲೋ ತೂಕ, ಜೊತೆಗೆ ಸಕ್ಕರೆ ಕಾಯಿಲೆ, ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯವರ ಒತ್ತಾಯಕ್ಕೆ ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ಆಪರೇಶನ್ ಮಾಡಿಸಿಕೊಂಡರು. ಕೂಡಿಟ್ಟ ಹಣವೆಲ್ಲ ಕರಗಿತು. ಹೋಳಿಗೆ, ಜಿಲೇಬಿ ಬಿಟ್ಟರು. ಅರ್ಧ ರೊಟ್ಟಿಗೇ ಹೊಟ್ಟೆ ತುಂಬುತ್ತಿದೆ. ಆದರೂ ಕೆಲವು ತಿಂಗಳಿಗೆ ತೂಕ ಇಳಿಯುವುದು ನಿಂತಿತು. ಯಾಕೆ?

ಲೆಕ್ಕ ಹಾಕೋಣ. ಒಂದು ಚಮಚ ಸಕ್ಕರೆ ಸುಮಾರು 5 ಗ್ರಾಂ. ಕಪ್ಪಿಗೆ ಎರಡು ಚಮಚದಂತೆ ಆರು ಕಪ್ಪಿಗೆ 60 ಗ್ರಾಂ, ಅಂದರೆ 240 ಕ್ಯಾಲೊರಿ. ಹಾಲಿನದು ಬೇರೆ. ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಮಿನೊಳಗಿದ್ದರೆ ಹೆಚ್ಚು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಇದು ಸಾಮಾನ್ಯ ಜನರಿಗೆ ಹೇಳಿದ ಮಾತು. ಆಪರೇಶನ್ ಆದ ಮೊದಲ ತಿಂಗಳುಗಳಲ್ಲಿ ದಿನದ ಊಟವೆಲ್ಲ ಸೇರಿದರೂ ಸಾವಿರ ಕ್ಯಾಲೊರಿ ಮುಟ್ಟುವುದು ಅಪರೂಪ. ಇಂಥವರು ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ತಿನ್ನಬೇಕೆಂದು ವೈದ್ಯರು ಬಡಿದುಕೊಳ್ಳುತ್ತಾರೆ. ನಮ್ಮ ಯಜಮಾನರು 60 ಗ್ರಾಂ ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ, ಆದರೆ ಸಕ್ಕರೆಯನ್ನು!

ದ್ರವಕ್ಕೆ ತಡೆಯಿಲ್ಲ

ಈ ಆಪರೇಶನ್ನುಗಳಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. "ಸ್ಲೀವ್" ಎಂಬುದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆಯುತ್ತಾರೆ. ಉಳಿದದ್ದು ಬಾಳೆಹಣ್ಣಿನ ಆಕಾರದ ಕೊಳವೆ. "ಬೈಪಾಸ್"ನಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲ ಮಾಡಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಅಮೆರಿಕದ ಡಾ. ಎಡ್ವರ್ಡ್ ಮೇಸನ್ 1966ರಲ್ಲಿ ಆರಂಭಿಸಿದ ಪದ್ಧತಿಯಿಂದ ಬೆಳೆದು ಬಂದದ್ದು ಇದು.

ರೊಟ್ಟಿ, ಮುದ್ದೆ, ಮೊಟ್ಟೆಯಾದರೆ ಈ ಪುಟ್ಟ ಚೀಲದಲ್ಲಿ ನಿಂತು "ಸಾಕು" ಅನ್ನಿಸುತ್ತವೆ. ಕಾಫಿ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಹೊಟ್ಟೆಗೆ ಹಾಕಿದ ಬೀಗಕ್ಕೆ ಸಿಹಿ ಕಾಫಿಯೇ ಕಳ್ಳ ಕೀಲಿ.

ಬಸ್ಸಿನಲ್ಲಿ ಬೆವರು

ತೂಕದ ಮಾತು ಹಾಗಿರಲಿ. ಬೈಪಾಸ್ ಆದವರಲ್ಲಿ ಹೆಚ್ಚಾಗಿ, ಸ್ಲೀವ್ ಆದವರಲ್ಲೂ ಕೆಲವೊಮ್ಮೆ, ಇನ್ನೊಂದು ತೊಂದರೆ ಕಾಣುತ್ತದೆ. ಸಿಹಿ ಏಕಾಏಕಿ ಕರುಳಿಗೆ ನುಗ್ಗಿದರೆ ಹತ್ತು ನಿಮಿಷದಿಂದ ಅರ್ಧ ತಾಸಿನೊಳಗೆ ಹೊಟ್ಟೆ ಹಿಂಡುತ್ತದೆ, ಎದೆ ಢವಢವ ಎನ್ನುತ್ತದೆ, ಭೇದಿಯಾಗುತ್ತದೆ. ವೈದ್ಯರು ಇದನ್ನು "ಡಂಪಿಂಗ್" ಎನ್ನುತ್ತಾರೆ. ಇನ್ನು ಕೆಲವರಿಗೆ ಒಂದರಿಂದ ಮೂರು ತಾಸಿನ ನಂತರ ತಿರುಗುಬಾಣ: ಸಿಹಿಯನ್ನು ಎದುರಿಸಲು ದೇಹ ಇನ್ಸುಲಿನ್ ಹೆಚ್ಚಾಗಿ ಸುರಿಸಿ, ರಕ್ತದ ಸಕ್ಕರೆ ಧೊಪ್ಪನೆ ಕುಸಿಯುತ್ತದೆ. ಕೈ ನಡುಕ, ತಣ್ಣನೆ ಬೆವರು, ಕಣ್ಣು ಕತ್ತಲೆ.

ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಸಿಹಿ ಕಾಫಿ ಕುಡಿದು ಸಿರುಗುಪ್ಪದ ಬಸ್ಸು ಹತ್ತಿದವರಿಗೆ ತೆಕ್ಕಲಕೋಟೆ ಹತ್ತಿರವಾಗುವಾಗ ಹೀಗಾದರೆ ಪಕ್ಕದವರು ಏನಂತಾರೆ? "ಬಿಸಿಲು ಬಡಿದೈತಿ." ನಮ್ಮೂರ ಬೇಸಿಗೆಯಲ್ಲಿ ಇದು ಯಾರೂ ನಂಬುವ ಮಾತೇ. ಇಳಿದ ಕೂಡಲೇ ಸುಸ್ತಿಗೆಂದು ಮತ್ತೊಂದು ಸಿಹಿ ಕಾಫಿ! ಚಕ್ರ ಮತ್ತೆ ಮೊದಲಿನಿಂದ ಶುರು.

ಇಂಥವರು ಮನೆಯ ಸಣ್ಣ ಮೀಟರಿನಲ್ಲಿ ರಕ್ತ ಪರೀಕ್ಷಿಸಿ ಬರೆದಿಟ್ಟುಕೊಳ್ಳುವುದು ಲೇಸು. 70ಕ್ಕಿಂತ ಕೆಳಗಿದ್ದರೆ ಸಕ್ಕರೆ ನಿಜವಾಗಿ ಕುಸಿದಿದೆ ಎಂದರ್ಥ. ಆಗ ಗ್ಲೂಕೋಸ್ ಬೇಕೇ ಬೇಕು. ಚೇತರಿಸಿಕೊಂಡ ಮೇಲೆ ವೈದ್ಯರಿಗೆ ತಿಳಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಅಡಗಿ ಕುಳಿತ ಸಕ್ಕರೆ

"ನಾನು ಸಕ್ಕರೆ ಹಾಕ್ಕೊಳ್ಳೋದೇ ಇಲ್ರಿ" ಎನ್ನುವವರೂ ಮೋಸ ಹೋಗುತ್ತಾರೆ. ಕೆಲವು ಹೋಟೆಲುಗಳಲ್ಲಿ ಕಾಯುವ ಹಾಲಿಗೇ ಸಕ್ಕರೆ ಬಿದ್ದಿರುತ್ತದೆ. ಆಮೇಲೆ "ಸಕ್ಕರೆ ಕಡಿಮೆ" ಎಂದರೆ ಎಲ್ಲಿಂದ ತೆಗೆಯುವುದು? ಸಿರುಗುಪ್ಪದ ಅಕ್ಕಿ ಗಿರಣಿಯ ಆಫೀಸಾಗಲಿ, ನಗರದ ಬ್ಯಾಂಕಾಗಲಿ, ಗುಂಡಿ ಒತ್ತಿದರೆ ಕಾಫಿ ಸುರಿಸುವ ಮಷಿನ್ನಿನ ಪುಡಿಯಲ್ಲಿ ಸಾಮಾನ್ಯವಾಗಿ ಹಾಲಿನಪುಡಿ, ಸಕ್ಕರೆ ಮೊದಲೇ ಬೆರೆತಿರುತ್ತವೆ. ಬಾಟಲಿಯ ಕೋಲ್ಡ್ ಕಾಫಿ ಇನ್ನೂ ಮುಂದೆ. ನೂರು ಮಿಲಿಗೆ 10 ಗ್ರಾಂ ಎಂದು ಬರೆದಿದ್ದರೆ ಇನ್ನೂರು ಮಿಲಿಯ ಬಾಟಲಿಗೆ 20 ಗ್ರಾಂ, ಅಂದರೆ ನಾಲ್ಕು ಚಮಚ.

ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರನ ದರ್ಶನ ಮುಗಿಸಿ ಬೀಗರ ಮನೆಗೆ ಹೋದರೆ, "ನಿಮಗಂತ ಬೆಲ್ಲದ ಕಾಫಿ ಮಾಡೀನ್ರಿ, ಏನೂ ಆಗಂಗಿಲ್ಲ" ಎಂಬ ಉಪಚಾರ ಸಿಗಬಹುದು. ಪ್ರೀತಿ ದೊಡ್ಡದು, ಆದರೆ ಬೆಲ್ಲವೂ ಬಹುಪಾಲು ಸಕ್ಕರೆಯೇ. ಜೇನುತುಪ್ಪಕ್ಕೂ ಇದೇ ಮಾತು.

ಪೊಟ್ಟಣದ ಬೆನ್ನು ಓದುವುದನ್ನು ಕಲಿಯಬೇಕು. ಯಾವ ಪದಾರ್ಥ ತೂಕದಲ್ಲಿ ಹೆಚ್ಚೋ ಅದರ ಹೆಸರು ಮೊದಲು ಬರಬೇಕೆಂಬುದು ಕಾನೂನು. ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಮಾಲ್ಟೋಡೆಕ್ಸ್‌ಟ್ರಿನ್, ಕಂಡೆನ್ಸ್ಡ್ ಮಿಲ್ಕ್ ಎಂಬ ಹೆಸರು ಕಂಡರೆ ಸಕ್ಕರೆಯ ನೆಂಟರೇ ಬಂದರೆಂದು ತಿಳಿಯಿರಿ.

ಹೋಟೆಲಿನವರಿಗೊಂದು ಮಾತು

ಕಾಫಿಯದೇನೂ ತಪ್ಪಿಲ್ಲ. ಹಾಲು ಸಕ್ಕರೆ ಇಲ್ಲದ ಡಿಕಾಕ್ಷನ್ನಿನಲ್ಲಿ ಕ್ಯಾಲೊರಿ ಇಲ್ಲವೆಂದೇ ಹೇಳಬಹುದು. ಆಪರೇಶನ್ ಆದ ಎಷ್ಟು ವಾರಕ್ಕೆ ಕಾಫಿ ಶುರು ಮಾಡಬೇಕೆಂಬುದನ್ನು ಅವರವರ ವೈದ್ಯರೇ ಹೇಳಬೇಕು. ಊಟದ ಜೊತೆ ಕುಡಿಯಬಾರದು. ಕಬ್ಬಿಣದ ಮಾತ್ರೆ ನುಂಗಿದ ಹಿಂದುಮುಂದಿನ ಒಂದು ತಾಸಂತೂ ಬೇಡ, ಮಾತ್ರೆ ಮೈಗೆ ಹತ್ತುವುದಿಲ್ಲ.

ಹೋಟೆಲ್ ಮಾಲೀಕರು ಒಂದು ಪಾತ್ರೆ ಹಾಲನ್ನು ಸಕ್ಕರೆ ಹಾಕದೆ ಬೇರೆ ಇಟ್ಟರೆ ಖರ್ಚೇನೂ ಬೀಳುವುದಿಲ್ಲ, ಸಕ್ಕರೆಯೇ ಉಳಿಯುತ್ತದೆ. ಆಪರೇಶನ್ ಆದವರಿಗಷ್ಟೇ ಅಲ್ಲ, ಊರಿನ ಸಕ್ಕರೆ ಕಾಯಿಲೆಯವರಿಗೆಲ್ಲ ಉಪಕಾರ. ಅಂಗಡಿ ಯಜಮಾನರೂ ಅಷ್ಟೇ: ಬಂದ ಗಿರಾಕಿ "ಸಿಹಿ ಬೇಡ" ಎಂದರೆ "ಒಂದು ಕಪ್ಪಿಗೆ ಏನಾಗತೈತ್ರಿ" ಎಂದು ಒತ್ತಾಯಿಸಬಾರದು. ಏನಾಗುತ್ತದೆ ಎಂಬುದು ಅವರ ಹೊಟ್ಟೆಗೆ ಗೊತ್ತು.

ದಿನದ ವ್ಯಾಪಾರದಲ್ಲಿ ಒಂದು ರೂಪಾಯಿ ತಪ್ಪಿದರೂ ರಾತ್ರಿ ಕೂತು ಹುಡುಕುವ ಜನ ನಾವು. ಅದೇ ವಹಿಯ ಕೊನೆಯ ಹಾಳೆಯಲ್ಲಿ ದಿನಕ್ಕೆಷ್ಟು ಚಮಚ ಎಂದೂ ಬರೆದಿಡಬಹುದಲ್ಲ?