ಫ್ಯಾನ್ ಗಾಳಿ ಬಡಿದರೆ ಬಾಯಿ ಸೊಟ್ಟಗಾಗುತ್ತಾ, ಕಿವಿ ಕೇಳದಂತಾಗುತ್ತಾ?

ರಾತ್ರಿಯಿಡೀ ಫ್ಯಾನ್ ಕೆಳಗೆ ಮಲಗಿದರೆ, ಬಸ್ಸಿನ ಕಿಟಕಿ ಗಾಳಿಗೆ ಮುಖವೊಡ್ಡಿದರೆ ಬಾಯಿ ಸೊಟ್ಟಗಾಗುತ್ತದೆ, ಕಿವಿಗೆ ಬಿಸಿ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ ಎಂಬಂಥ ಸಂದೇಶಗಳು ನಿಮಗೂ ಬಂದಿರಬಹುದು. ಇದು ನಿಜವೇ? ನೋಡೋಣ.

ತಂಗಾಳಿಯಿಂದ ಮುಖದ ನರ ಸೋಲುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಹಲವು ಬಾರಿ ಅನುಮಾನ ಹೋಗುವುದು ವೈರಸ್‌ಗಳ ಮೇಲೆ.

ಮುಖಕ್ಕೂ ಕಿವಿಗೂ ಏನು ಸಂಬಂಧ?

ಮುಖದ ಸ್ನಾಯುಗಳನ್ನು ಆಡಿಸುವ ನರ ಮತ್ತು ಶಬ್ದವನ್ನು ಮೆದುಳಿಗೆ ಮುಟ್ಟಿಸುವ ನರ, ಎರಡೂ ತಲೆಬುರುಡೆಯ ಮೂಳೆಯೊಳಗಿನ ಒಂದೇ ಕಿರಿದಾದ ದಾರಿಯಲ್ಲಿ ಹಾದುಹೋಗುತ್ತವೆ. ಹಾಗಾಗಿ ಒಂದೇ ಸೋಂಕು ಎರಡಕ್ಕೂ ತಗುಲಬಹುದು.

ಚಿಕನ್‌ಪಾಕ್ಸ್ ವಾಸಿಯಾದರೂ ಅದರ ವೈರಸ್ ನರಗಳಲ್ಲಿ ಅಡಗಿರುತ್ತದೆ. ವರ್ಷಗಳ ನಂತರ ಎಚ್ಚೆತ್ತರೆ ಸರ್ಪಸುತ್ತು ಆಗುತ್ತದೆ. ಮುಖದ ನರದಲ್ಲೇ ಎಚ್ಚೆತ್ತರೆ ಕಿವಿನೋವು, ಕಿವಿಯ ಮೇಲೆ ನೀರುಗುಳ್ಳೆ, ಅದೇ ಬದಿಯ ಮುಖ ಸೋಲುವುದು, ತಲೆಸುತ್ತು, ಕಿವಿ ಮಂದವಾಗುವುದು ಕಾಣಿಸಬಹುದು. ಇದೇ ರಾಮ್ಸೆ ಹಂಟ್ ಸಿಂಡ್ರೋಮ್. ಗಾಯಕ ಜಸ್ಟಿನ್ ಬೀಬರ್ 2022ರ ಜೂನ್‌ನಲ್ಲಿ ತಮಗೆ ಇದಾಗಿದೆ ಎಂದಿದ್ದರು. ವೈರಸ್ ದಾಳಿಯಿಂದ ಹಠಾತ್ತನೆ ಕಿವಿ ಕೇಳದಾಗಿದೆ ಎಂದು 2024ರ ಜೂನ್‌ನಲ್ಲಿ ತಿಳಿಸಿದವರು ಗಾಯಕಿ ಅಲ್ಕಾ ಯಾಗ್ನಿಕ್.

ಮಂಗನಬಾವು ಕೂಡ ಕೆಲವರಲ್ಲಿ ಕಿವಿಯನ್ನು ಕೆಡಿಸುತ್ತದೆ. ವಾಸಿಯಾಗದ ಕಿವಿಸೋರಿಕೆ ಮುಖದ ನರಕ್ಕೂ ಹಬ್ಬಬಹುದು. ಇನ್ನು, ಮುಖ ಸೋಲುವ ಪ್ರಕರಣಗಳಲ್ಲಿ ಹೆಚ್ಚಾಗಿ ಕಾಣುವುದು ಬೆಲ್ಸ್ ಪಾಲ್ಸಿ. ಇದಕ್ಕೆ ಹರ್ಪಿಸ್ ವೈರಸ್ ಕಾರಣವಿರಬಹುದೆಂಬ ಶಂಕೆಯಿದೆ, ಖಚಿತವಾಗಿಲ್ಲ. ಹಠಾತ್ ಕಿವುಡಿನಲ್ಲೂ ಎಷ್ಟೋ ಸಲ ಕಾರಣ ಸಿಗುವುದಿಲ್ಲ.

ಏನು ಮಾಡಬೇಕು?

ಮುಖ ಸೊಟ್ಟಗಾಗುವುದರ ಜೊತೆ ಕೈಕಾಲು ಬಲ ಕಳೆದುಕೊಂಡರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ. ಇವಿಲ್ಲದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಿ. ಪಾರ್ಶ್ವವಾಯು ಅಲ್ಲವೆಂದು ಮನೆಯಲ್ಲೇ ತೀರ್ಮಾನಿಸಬೇಡಿ. ಬೆಲ್ಸ್ ಪಾಲ್ಸಿಗೆ 72 ಗಂಟೆಯೊಳಗೆ ಸ್ಟೀರಾಯ್ಡ್ ಶುರುವಾದರೆ ಚೇತರಿಕೆಗೆ ಹೆಚ್ಚು ಅನುಕೂಲ. ರಾಮ್ಸೆ ಹಂಟ್‌ಗೆ ವೈರಸ್ ವಿರೋಧಿ ಮಾತ್ರೆಯನ್ನೂ ಕೊಡುತ್ತಾರೆ. ಆದರೆ ಮೆಡಿಕಲ್ ಶಾಪ್‌ನಲ್ಲಿ ನೀವಾಗಿಯೇ ಸ್ಟೀರಾಯ್ಡ್ ಕೊಳ್ಳಬೇಡಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಸಕ್ಕರೆ ಏರಿಸುತ್ತದೆ. ಕಣ್ಣು ಮುಚ್ಚಲಾಗದಿದ್ದರೆ ಒಣಗಿ ಗಾಯವಾಗಬಹುದು, ಅದನ್ನೂ ವೈದ್ಯರಿಗೆ ಹೇಳಿ.

ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಗುಗ್ಗೆಯೆಂದುಕೊಂಡು ಎಣ್ಣೆ ಬಿಟ್ಟು ಕಾಯಬೇಡಿ. ಕಿವಿ ತಜ್ಞರನ್ನು ಬೇಗ ಕಂಡಷ್ಟೂ ಕೇಳುವ ಶಕ್ತಿ ಮರಳುವ ಸಾಧ್ಯತೆ ಹೆಚ್ಚು.

ನಮ್ಮ ತೀರ್ಮಾನ: ಫ್ಯಾನ್ ಗಾಳಿಯ ಸಂದೇಶಕ್ಕೆ ಆಧಾರವಿಲ್ಲ. ಅದನ್ನು ನಂಬಿ ಎಣ್ಣೆ ಹಚ್ಚುತ್ತಾ ಕೂತರೆ ಚಿಕಿತ್ಸೆಗೆ ಸಿಗುವ ಮೊದಲ ಮೂರು ದಿನ ಕೈತಪ್ಪುತ್ತದೆ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.