ಸೇಂಟ್ ಪೀಟರ್ ಬೀದಿಯ ಹಿರಿಯರು

ಮೈಕ್ ಇಲ್ಲ, ಊಟ-ಪಾನೀಯದ ಮಾರಾಟವಿಲ್ಲ. ಬಣ್ಣ ಮಾಸಿದ ಗೋಡೆಗಳ ಕೋಣೆಯಲ್ಲಿ ಕೆಲವು ಬೆಂಚು, ನೆಲದ ಮೇಲೆ ದಿಂಬು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಸೇಂಟ್ ಪೀಟರ್ ಬೀದಿಯಲ್ಲಿರುವ ಪ್ರಿಸರ್ವೇಶನ್ ಹಾಲ್ ಎಂಬ ಜಾಝ್ ತಾಣ ಇಷ್ಟೇ.

1961ರಲ್ಲಿ ಅಲನ್ ಮತ್ತು ಸಾಂಡ್ರಾ ಜಾಫೆ ದಂಪತಿ ಇದರ ಹೊಣೆ ಹೊತ್ತಾಗ, ರಾಕ್ ಅಂಡ್ ರೋಲ್ ಅಬ್ಬರದಲ್ಲಿ ಊರಿನ ಹಿರಿಯ ಜಾಝ್ ವಾದಕರನ್ನು ಕೇಳುವವರೇ ಕಡಿಮೆಯಾಗಿದ್ದರು. ಇಲ್ಲಿ ಆರೇಳು ಮಂದಿಯ ತಂಡಗಳಾಗಿ ಅವರು ಮತ್ತೆ ನುಡಿಸತೊಡಗಿದರು. ಟ್ರಂಪೆಟ್ ರಾಗದ ಎಳೆ ಹಿಡಿದರೆ, ಕ್ಲಾರಿನೆಟ್ ಅದರ ಸುತ್ತ ಹೆಣೆಯುತ್ತದೆ, ಟ್ರಾಂಬೋನ್ ಕೆಳಗಿನಿಂದ ಆಸರೆ ಕೊಡುತ್ತದೆ. ಎಲ್ಲರದೂ ಏಕಕಾಲದ ಮನೋಧರ್ಮ. ದಶಕಗಳ ಒಡನಾಟವಿಲ್ಲದೆ ಇಂಥ ಹೊಂದಾಣಿಕೆ ಸುಲಭವಲ್ಲ.

ಅವರಲ್ಲಿ ಪಿಯಾನೊ ವಾದಕಿ ಸ್ವೀಟ್ ಎಮ್ಮಾ ಬ್ಯಾರೆಟ್ ಅಪರೂಪದ ವ್ಯಕ್ತಿ. ತಲೆಗೆ ಕೆಂಪು ಟೋಪಿ, ಕಾಲಿಗೆ ಗೆಜ್ಜೆ. ಬೆರಳು ಪಿಯಾನೊದ ಕೀಲಿಗಳ ಮೇಲೆ ಓಡಿದರೆ ಕಾಲು ತಾಳ ಹಾಕುತ್ತಿತ್ತು. 1967ರಲ್ಲಿ ಪಾರ್ಶ್ವವಾಯು ಎಡಗೈಯನ್ನು ಕಸಿದುಕೊಂಡಿತು. ಆಕೆ ಬಲಗೈಯೊಂದರಲ್ಲೇ ನುಡಿಸಿದರು, 1980ರ ದಶಕದವರೆಗೂ. ಇದಕ್ಕಿಂತ ದೊಡ್ಡ ಸಂಗೀತನಿಷ್ಠೆ ಇನ್ನೇನಿದ್ದೀತು!

ಇದೇ ಹಾಲ್‌ನ ವಾದಕರಾದ ಹಂಫ್ರಿ ಸಹೋದರರು, ವಿಲ್ಲಿ ಮತ್ತು ಪರ್ಸಿ, ತೊಂಬತ್ತರ ಆಸುಪಾಸಿನಲ್ಲೂ ವೇದಿಕೆ ಬಿಡಲಿಲ್ಲ. 1963ರಿಂದ ಹಾಲ್‌ನ ತಂಡ ಊರೂರು ಸುತ್ತತೊಡಗಿತ್ತು. ಅಲನ್ ಸ್ವತಃ ಟ್ಯೂಬಾ ಊದುತ್ತಿದ್ದರು. ಅವರ ಮಗ ಬೆನ್ ಮುಂದೆ ಅದೇ ತಂಡವನ್ನು ಮುನ್ನಡೆಸಿದರು. ನ್ಯೂ ಆರ್ಲಿಯನ್ಸ್‌ಗೆ ಹೋಗುವವರು ಒಂದು ಸಂಜೆಯನ್ನು ಈ ಕೋಣೆಗೆಂದೇ ತೆಗೆದಿಡಬೇಕು.